ಕೆರೆ, ಬಿತ್ತುವಟ್ಟ ಮತ್ತು ಮುಕ್ತ ತಂತ್ರಾಂಶ

ಧ್ವನಿ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೀನಿ. ನಾನು ಮಡಕಶಿರಾದವನು, ಕನ್ನಡ ಎಂ.ಎ. ಓದ್ತಿದೀನಿ. ಅನಂತಪುರ ಜಿಲ್ಲೆಯವನು ಅಂತಲೇ ಹೇಳಿ ಅಭ್ಯಾಸ. 2022ರಿಂದ ನಮ್ಮದು ಶ್ರೀ ಸತ್ಯಸಾಯಿ ಜಿಲ್ಲೆ. ರಾಯದುರ್ಗ 1953ರವರೆಗೆ ಬಳ್ಳಾರಿಯ ಭಾಗವಾಗಿತ್ತು. ಎರಡೂ ಕಡೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು.

ರಾಯದುರ್ಗದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಸಂಗ್ರಹಿಸಿದ ಸೋಬಾನೆ ಪದಗಳ ಕಡತ ನನಗೆ ಸಿಕ್ಕಿತು. ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು! ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದಿದ್ದರೆ ಪಠ್ಯವೇ ಇಲ್ಲ. ಅರವಿಂದ ವಿ.ಕೆ. ಅವರು ಮುಕ್ತವಾಗಿ ಬಿಡುಗಡೆ ಮಾಡಿರುವ ಪರಿವರ್ತಕ ಅದನ್ನು ಯೂನಿಕೋಡಿಗೆ ತಂದಿತು. ಕೆಲವು ಒತ್ತಕ್ಷರ ಎಡವಟ್ಟಾದವು, ಕೈಯಲ್ಲೇ ತಿದ್ದಿದೆ. ನಾನು ಕೊಟ್ಟ ದುಡ್ಡು? ಸೊನ್ನೆ.

ಇಂಗ್ಲಿಷಿನ 'ಫ್ರೀ' ಪದದಿಂದ ಆಗುವ ಗೊಂದಲ ನಮಗಿಲ್ಲ. 'ಉಚಿತ' ಬೇರೆ, 'ಮುಕ್ತ' ಬೇರೆ. ಮೂಲ ಸಂಕೇತವನ್ನು ಓದಿ, ತಿದ್ದಿ, ಹಂಚುವ ಹಕ್ಕಿದ್ದರೆ ಅದು ಮುಕ್ತ. ಬೆಲೆಯ ಮಾತು ಆಮೇಲಿನದು. ರಿಚರ್ಡ್ ಸ್ಟಾಲ್ಮನ್ 1985ರ ಹೊತ್ತಿಗೆ ತಮ್ಮ ಇಮ್ಯಾಕ್ಸ್ ತಂತ್ರಾಂಶದ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು.

ಇಲ್ಲಿ ಶಾಸನಗಳು ನೆನಪಾಗ್ತವೆ. ನಮ್ಮ ತಾಲ್ಲೂಕಿನ ಹೇಮಾವತಿ, ಅಂದರೆ ನೊಳಂಬರ ಹೆಂಜೇರು, ನೋಡಿದವರಿಗೆ ಕನ್ನಡ ಶಾಸನ ಹೊಸದಲ್ಲ. ಕನ್ನಡ ಶಾಸನಗಳಲ್ಲಿ 'ಬಿತ್ತುವಟ್ಟ' ಅಂತ ಬರುತ್ತೆ: ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಕೆರೆಯ ಕೆಳಗಿನ ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಟ್ಟುಕೊಡುವುದು. ಕಟ್ಟಿದಲ್ಲಿಗೆ ಕೆಲಸ ಮುಗಿಯಲ್ಲ. ಹೂಳು ತೆಗೀಬೇಕು, ತೂಬು ನೋಡ್ಬೇಕು, ಏರಿಯ ಬಿರುಕು ಮುಚ್ಚಬೇಕು, ಅದೂ ವರ್ಷ ವರ್ಷ. ತಂತ್ರಾಂಶವೂ ಹಾಗೇ. ವಿಂಡೋಸ್ ಬದಲಾದರೆ, ಯೂನಿಕೋಡಿಗೆ ಹೊಸ ಅಕ್ಷರ ಸೇರಿದರೆ ಯಾರೋ ಕೂತು ತಿದ್ದಬೇಕು.

ಏರಿ ಒಡೆದ ಉದಾಹರಣೆಯೂ ಇದೆ. ಅಂತರಜಾಲದ ವ್ಯವಹಾರವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2014ರ ಏಪ್ರಿಲ್‌ನಲ್ಲಿ 'ಹಾರ್ಟ್‌ಬ್ಲೀಡ್' ದೋಷ ಬಯಲಾಯಿತು. ಜಗತ್ತಿನ ಬ್ಯಾಂಕು, ಅಂಗಡಿಗಳೆಲ್ಲ ನೆಚ್ಚಿದ್ದ ಈ ಯೋಜನೆಗೆ ಅಲ್ಲಿಯವರೆಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್ ಅಷ್ಟೇ. ದೊಡ್ಡ ಕಂಪನಿಗಳು ಹಣ ಹಾಕಿದ್ದು ಆಮೇಲೆ.

ಒಂದು ವ್ಯತ್ಯಾಸ ಒಪ್ಪಿಕೊಳ್ತೀನಿ. ಬಿತ್ತುವಟ್ಟದ ಹಿಂದೆ ಅರಸರ, ಊರಿನ ಅಧಿಕಾರ ಇತ್ತು. ಇಲ್ಲಿ ಕೇಳೋರಿಲ್ಲ, ಕೊಡದೆ ಬಳಸಿದರೂ ತಪ್ಪಲ್ಲ. ಆದರೆ ಗಡಿಯಾಚೆಯ ಕನ್ನಡಿಗರಿಗೆ ಮಾರುಕಟ್ಟೆಯೂ ಬರಲ್ಲ, ಯಾವ ಸರ್ಕಾರಕ್ಕೂ ನಾವು ಮೊದಲ ಸಾಲಿನವರಲ್ಲ. ನಮಗಿರೋದು ಇಂಥ ಕೆರೆಗಳೇ. ಹಾಗಾಗಿ ಒಮ್ಮೆ ಸಾವಿರ ಕೊಟ್ಟು ಮರೆಯೋದಕ್ಕಿಂತ ತಿಂಗಳಿಗೆ ಐವತ್ತು ರೂಪಾಯಿ ಮೇಲು ಅನ್ನೋದು ನನ್ನ ವಾದ.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: "ಸ್ಕಾಲರ್‌ಶಿಪ್ಪಲ್ಲಿ ಓದೋರು ಏನು ಕೊಡೋಣ?" ನ್ಯಾಯವಾದ ಪ್ರಶ್ನೆ. ಲಿಬ್ರೆಆಫೀಸ್‌ಗೆ ಕೊಡಲು ಹೋದಾಗ ನನ್ನ ಡೆಬಿಟ್ ಕಾರ್ಡು ವಿದೇಶಿ ಪಾವತಿಗೆ ಒಪ್ಪಲೇ ಇಲ್ಲ, ಗೆಳೆಯನ ಕಾರ್ಡ್ ಬಳಸಿದೆ. ದುಡ್ಡಿಲ್ಲದಿದ್ದರೆ ದೋಷ ವರದಿ ಮಾಡಿ, ಅದೂ ಹೂಳೆತ್ತೋ ಕೆಲಸವೇ. ಸೋಬಾನೆ ಪದಗಳಲ್ಲಿ ಎಡವಟ್ಟಾದ ಒತ್ತಕ್ಷರಗಳನ್ನು ಪಟ್ಟಿ ಮಾಡಿ ಇಟ್ಟಿದೀನಿ, ಈ ವಾರ ಕಳಿಸ್ತೀನಿ.