ಕೆಂಪಾದ ಧಾರೆ ಫೋಟೋ, ಗಿಂಪ್‌ನ ಆರೈಕೆ

ಅಕ್ಕನ ಮದುವೆ ಆದದ್ದು 1984ರಲ್ಲಿ. ಧಾರೆ ಎರೆಯುವಾಗ ತೆಗೆದ ಫೋಟೋ ಈಗ ಪೂರ್ತಿ ಕೆಂಪಗಾಗಿದೆ. ಯಾವಾಗಲೋ ಮಡಿಚಿಟ್ಟಿದ್ದರಿಂದ ಸೀರೆಯ ಅಂಚಿನ ಮೇಲೆ ಬಿಳಿ ಗೆರೆ ಬೇರೆ ಬಿದ್ದಿದೆ. ಅದನ್ನು ಸರಿಮಾಡಲೆಂದೇ ನಾನು ಗಿಂಪ್ ಕಲಿತೆ. ಹೊಸಬರಿಗೂ ಇದನ್ನೇ ಹೇಳುತ್ತೇನೆ: ಮೆನುಗಳನ್ನು ಒಂದೊಂದಾಗಿ ಓದುತ್ತ ಕೂರಬೇಡಿ, ನಿಮ್ಮ ಮನೆಯದೇ ಒಂದು ಹಳೆಯ ಫೋಟೋ ಹಿಡಿದು ಶುರುಮಾಡಿ.

ಗಿಂಪ್ ಉಚಿತ ತಂತ್ರಾಂಶ. ಅದರ ಮೂಲಸಂಕೇತವೂ ಎಲ್ಲರಿಗೂ ಮುಕ್ತ. 1995ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಇದನ್ನು ಶುರುಮಾಡಿದರು. ಲಿನಕ್ಸ್‌ನ ಗುರುತಾದ ಪೆಂಗ್ವಿನ್‌ ಚಿತ್ರವನ್ನು ಲ್ಯಾರಿ ಯೂಯಿಂಗ್ 1996ರಲ್ಲಿ ರಚಿಸಿದ್ದು ಇದರಲ್ಲೇ. 3.0 ಆವೃತ್ತಿ ಬಂದದ್ದು 2025ರ ಮಾರ್ಚ್‌ನಲ್ಲಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ. ಇಳಿಸಿಕೊಳ್ಳುವಾಗ ಮಾತ್ರ ಗಿಂಪ್ ಡಾಟ್ ಆರ್ಗ್ ತಾಣಕ್ಕೇ ಹೋಗಿ. ಹುಡುಕಾಟದಲ್ಲಿ ಮೇಲೆ ಕಾಣುವ ಜಾಹೀರಾತನ್ನು ಒತ್ತಬೇಡಿ. ಇದೇ ಹೆಸರಿನ ನಕಲಿ ಜಾಹೀರಾತುಗಳ ಮೂಲಕ ಕುತಂತ್ರಾಂಶ ಹಂಚಿದ್ದುಂಟು.

ಮೊದಲು ಸ್ಕ್ಯಾನ್. ಫೋಟೋವನ್ನು ಮೊಬೈಲಿನಲ್ಲಿ ತೆಗೆದರೆ ಹೊಳಪು ಕಾಗದದ ಮೇಲೆ ಕಿಟಕಿಯ ಬೆಳಕು ಬೀಳುತ್ತದೆ. ಸ್ಕ್ಯಾನರ್‌ನಲ್ಲಿ 600 ಡಿಪಿಐ ಇಟ್ಟರೆ 4×6 ಇಂಚಿನ ಫೋಟೋ 2400×3600 ಪಿಕ್ಸೆಲ್ ಆಗುತ್ತದೆ. ಮನೆಯ ಫೋಟೋಗೆ ಅಷ್ಟು ಧಾರಾಳ ಸಾಕು. ಗಿಂಪ್‌ನಲ್ಲಿ ತೆರೆದ ಕೂಡಲೇ ಲೇಯರ್ ಮೆನುವಿನಿಂದ ಪದರದ ನಕಲು ಮಾಡಿಕೊಳ್ಳಿ. ಕೆಲಸವೆಲ್ಲ ಮೇಲಿನ ನಕಲಿನಲ್ಲಿ. ಅಸಲು ಕೆಳಗೆ ಹಾಗೇ ಉಳಿಯುತ್ತದೆ. ಬಲಗಡೆಯ ಪಟ್ಟಿಯಲ್ಲಿ ಮೇಲಿನ ಪದರದ ಕಣ್ಣಿನ ಗುರುತನ್ನು ಆಗಾಗ ಆರಿಸಿ ನೋಡಿದರೆ ಎಷ್ಟು ಬದಲಾಗಿದೆ ಎಂದು ಗೊತ್ತಾಗುತ್ತದೆ.

ಗೆರೆ ಅಳಿಸಲು ಎರಡು ಸಾಧನಗಳಿವೆ, ಕ್ಲೋನ್ ಮತ್ತು ಹೀಲ್. ಎರಡರಲ್ಲೂ ಕಂಟ್ರೋಲ್ ಕೀ ಒತ್ತಿ ಚೆನ್ನಾಗಿರುವ ಜಾಗವೊಂದನ್ನು ಕ್ಲಿಕ್ ಮಾಡಿ, ಆಮೇಲೆ ಹಾಳಾದ ಜಾಗದ ಮೇಲೆ ಸವರಬೇಕು. ಕ್ಲೋನ್ ಆ ತುಣುಕನ್ನು ಇದ್ದಹಾಗೇ ತಂದು ಅಂಟಿಸುತ್ತದೆ. ಹೀಲ್ ಅಲ್ಲಿಂದ ಮೇಲ್ಮೈಯ ನೆಯ್ಗೆಯನ್ನು ತಂದು, ಬಣ್ಣ ಮತ್ತು ಬೆಳಕನ್ನು ಹೊಸ ಜಾಗಕ್ಕೆ ಹೊಂದಿಸಿಕೊಳ್ಳುತ್ತದೆ. ಹಾಗಾಗಿ ಚಪ್ಪರದ ಹಿಂದಿನ ಗೋಡೆಗೆ, ಮೈಬಣ್ಣಕ್ಕೆ ಹೀಲ್ ಒಳ್ಳೆಯದು. ಜರಿ ಅಂಚಿನಂಥ ಖಚಿತ ಗೆರೆಯ ಹತ್ತಿರ ಅದು ಬಣ್ಣ ಕದಡಿಬಿಡುತ್ತದೆ. ಅಲ್ಲಿ ಕ್ಲೋನ್ ಬೇಕು. ಅಂಚಿನ ಬುಟ್ಟಾಗಳು ಒಂದರ ಪಕ್ಕ ಒಂದು ಬರುವಂತೆ ಹೊಂದಿಸಲು ನನಗೆ ಒಂದು ಸಂಜೆ ಹಿಡಿಯಿತು. ಕುಂಚವನ್ನು ಗೆರೆಗಿಂತ ಸ್ವಲ್ಪವೇ ದಪ್ಪ ಇಟ್ಟುಕೊಂಡು, ಎಳೆಯುವುದಕ್ಕಿಂತ ಚುಕ್ಕಿ ಚುಕ್ಕಿಯಾಗಿ ಒತ್ತುವುದು ವಾಸಿ. ಕಣ್ಣು, ತುಟಿಗಳನ್ನು ನಾನಂತೂ ಮುಟ್ಟುವುದಿಲ್ಲ. ಸ್ವಲ್ಪ ಆಚೀಚೆಯಾದರೂ ಅಕ್ಕ ಬೇರೆ ಯಾರೋ ಆಗಿಬಿಡುತ್ತಾಳೆ.

ಇನ್ನು ಆ ಕೆಂಪು. ಬಣ್ಣದ ಫೋಟೋ ಕಾಗದದಲ್ಲಿ ಸಯಾನ್, ಮೆಜೆಂಟಾ, ಹಳದಿ ಎಂಬ ಮೂರು ವರ್ಣಗಳಿರುತ್ತವೆ. ಆ ಕಾಲದ ಎಷ್ಟೋ ಪ್ರಿಂಟುಗಳಲ್ಲಿ ಕತ್ತಲಲ್ಲಿಟ್ಟರೂ ಮೊದಲು ಮಾಸುವುದು ಸಯಾನ್. ಕೆಂಪು ಬೆಳಕನ್ನು ಹೀರುತ್ತಿದ್ದುದು ಅದೇ ಆದ್ದರಿಂದ, ಅದು ಹೋದಂತೆ ಫೋಟೋ ಕೆಂಪೇರುತ್ತದೆ. ಕಲರ್ಸ್ ಮೆನುವಿನ ಲೆವೆಲ್ಸ್ ತೆರೆದು ರೆಡ್ ಚಾನೆಲ್ ಆರಿಸಿದರೆ ಇದು ಕಣ್ಣಿಗೇ ಕಾಣುತ್ತದೆ: ಗುಡ್ಡದಂಥ ನಕ್ಷೆ ಬಲಕ್ಕೆ ಒತ್ತರಿಸಿಕೊಂಡಿರುತ್ತದೆ, ಎಡಗಡೆ ಬಯಲು. ಕೆಳಗಿರುವ ಕಪ್ಪು ತ್ರಿಕೋನವನ್ನು ಗುಡ್ಡ ಏಳುವ ಜಾಗದವರೆಗೆ ಎಳೆಯಿರಿ. ಕೆಂಪು ಇಳಿದು ವರನ ಕೂದಲು ಕಪ್ಪಾಗುತ್ತದೆ, ತೋರಣದ ಮಾವಿನೆಲೆಗೆ ಹಸಿರು ಮರಳುತ್ತದೆ. ಹಸಿರು, ನೀಲಿ ಚಾನೆಲ್‌ಗಳಲ್ಲೂ ಎರಡೂ ತುದಿ ಹೀಗೇ ಸರಿಪಡಿಸಿ. ಇದನ್ನೇ ತಾನಾಗಿ ಮಾಡುವ ಗುಂಡಿಯೂ ಅಲ್ಲಿದೆ, ಆದರೆ ಒಮ್ಮೆಯಾದರೂ ಕೈಯಾರೆ ಮಾಡಿ ನೋಡಿ. ಬಣ್ಣ ತಿದ್ದುವುದು ಅರ್ಥವಾಗುವುದು ಆಗಲೇ.

ಫೋಟೋದ ಕೆಳಗೆ ಹೆಸರು ಬರೆಯಬೇಕಿದ್ದರೆ ಕನ್ನಡ ತೊಡಕಿಲ್ಲದೆ ಮೂಡುತ್ತದೆ, ಒತ್ತಕ್ಷರವೂ ಒಡೆಯುವುದಿಲ್ಲ. ಟೈಪಿಸುವುದು ಯೂನಿಕೋಡ್‌ನಲ್ಲಿರಬೇಕು ಅಷ್ಟೇ. ಗುಬ್ಬಿ, ನವಿಲು, ಬಾಲೂ ತಮ್ಮ ಮುಂತಾದ ಉಚಿತ ಫಾಂಟುಗಳಿವೆ.

ಹೊಸಬರು ಎಡವುವುದು ಉಳಿಸುವಾಗ. ಇಲ್ಲಿ ಸೇವ್ ಎಂದರೆ ಎಕ್ಸ್‌ಸಿಎಫ್ ಕಡತ ಮಾತ್ರ. ಪದರಗಳೆಲ್ಲ ಅದರಲ್ಲಿ ಉಳಿಯುತ್ತವೆ. ಜೆಪೆಗ್ ಬೇಕಾದರೆ ಫೈಲ್ ಮೆನುವಿನಲ್ಲಿ ‘ಎಕ್ಸ್‌ಪೋರ್ಟ್ ಆ್ಯಸ್’ ಎಂದು ಹೋಗಬೇಕು. ಅಲ್ಲಿ ಮುನ್ನೋಟದ ಚೌಕಕ್ಕೆ ಗುರುತು ಹಾಕಿದರೆ ಕ್ವಾಲಿಟಿ ಇಳಿಸಿದಂತೆಲ್ಲ ಕಡತದ ಗಾತ್ರ ಎಷ್ಟಾಯಿತೆಂದು ತೋರಿಸುತ್ತದೆ. ಆನ್‌ಲೈನ್ ಅರ್ಜಿಗಳು ಇಷ್ಟೇ ಕೆಬಿ ಇರಬೇಕೆಂದು ಹಟ ಹಿಡಿದಾಗಲೂ ಇದು ನೆರವಿಗೆ ಬರುತ್ತದೆ.

ಜೆಪೆಗ್ ಅನ್ನು ಅಕ್ಕನಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು. “ಚೆನ್ನಾಗಿದೆ ಕಣೋ, ಆದ್ರೆ ನನ್ನ ಸೀರೆ ಇಷ್ಟು ಗಿಳಿಹಸಿರು ಇರ್ಲಿಲ್ಲ, ಪಾಚಿ ಹಸಿರು.” 3.0ರಲ್ಲಿ ಲೆವೆಲ್ಸ್‌ನಂಥ ತಿದ್ದುಪಡಿ ಚಿತ್ರದೊಳಗೆ ಕರಗಿಹೋಗದೆ ಪದರದ ಜೊತೆ ಬೇರೆಯಾಗಿ ಉಳಿಯುತ್ತದೆ. ಎಕ್ಸ್‌ಸಿಎಫ್ ತೆರೆದು, ಪದರದ ಪಕ್ಕದ ‘ಎಫ್‌ಎಕ್ಸ್’ ಗುರುತು ಒತ್ತಿ, ಹಸಿರು ಚಾನೆಲ್‌ನ ನಡುವಿನ ತ್ರಿಕೋನವನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿ ಮತ್ತೆ ಕಳಿಸಿದೆ.

“ಹ್ಞಾ, ಇದೇ” ಅಂದಳು.