ಅಂಗಳವೆಲ್ಲ ಕಂಡರೂ ಮುಖ ಕಾಣದ ಕ್ಯಾಮೆರಾ

ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ 2025ರ ಮೇ 26ರಂದು ಪೊಲೀಸರಿಗೆ ದೂರು ಹೋದಾಗ, ಜನ ಅಡವಿಟ್ಟಿದ್ದ ಸುಮಾರು 59 ಕೆ.ಜಿ. ಚಿನ್ನ ಮಾಯವಾಗಿತ್ತು. ನಾಲ್ಕನೇ ಶನಿವಾರ ಮತ್ತು ಭಾನುವಾರದ ರಜೆ ನೋಡಿಕೊಂಡೇ ಕಳ್ಳರು ಒಳಹೊಕ್ಕಿದ್ದರು. ಕ್ಯಾಮೆರಾದ ದೃಶ್ಯಗಳೆಲ್ಲ ದಾಖಲಾಗುವ ಎನ್‌ವಿಆರ್ ಪೆಟ್ಟಿಗೆಯನ್ನೂ ಹೊತ್ತೊಯ್ದರು. ತಿಂಗಳ ಬಳಿಕ ಪೊಲೀಸರು ಬಂಧಿಸಿದವರಲ್ಲಿ ಅದೇ ಶಾಖೆಯ ಹಿಂದಿನ ವ್ಯವಸ್ಥಾಪಕರೂ ಒಬ್ಬರು.

ನಾಲ್ಕು ತಿಂಗಳೊಳಗೆ ಮತ್ತೊಂದು ಪೆಟ್ಟು. ಸೆಪ್ಟೆಂಬರ್ 16ರ ಸಂಜೆ, ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದ ಚಡಚಣದ ಸ್ಟೇಟ್ ಬ್ಯಾಂಕ್ ಶಾಖೆಗೆ ಮುಖ ಮುಚ್ಚಿಕೊಂಡವರು ಆಯುಧ ಹಿಡಿದು ನುಗ್ಗಿ, ಸಿಬ್ಬಂದಿಯ ಕೈಕಾಲು ಕಟ್ಟಿ, ನಗದು ಮತ್ತು ಚಿನ್ನ ದೋಚಿದರು. ಅವರ ವಾಹನ ಸಿಕ್ಕಿದ್ದು ಗಡಿಯಾಚೆ, ಸೋಲಾಪುರ ಜಿಲ್ಲೆಯ ಹುಲಜಂತಿಯಲ್ಲಿ.

ಇಂಥ ಸುದ್ದಿ ಕೇಳಿದ ಮೇಲೆ ಇಂಡಿಯ ನಿಂಬೆ ವ್ಯಾಪಾರಿ, ಸಿಂದಗಿಯ ತೊಗರಿ ಗೋದಾಮಿನವರು, ಮುದ್ದೇಬಿಹಾಳದ ಬಂಗಾರದಂಗಡಿಯವರು ಕಟ್ಟಡದ ಹೊರಗೆ ಕ್ಯಾಮೆರಾ ಹಾಕಿಸಲು ಹೊರಡುವುದು ಸಹಜ. ಆಗ ಮೊದಲು ಬರುವ ಪ್ರಶ್ನೆ ‘ಒಂದರಾಗ ಪೂರಾ ಕಾಣತೈತೇನು?’ ಎಂಬುದು. ಕಾಣುತ್ತದೆ. ಆದರೆ ಆ ಪ್ರಶ್ನೆಯಿಂದ ಶುರುಮಾಡಿದರೆ ಹಣ ಹಾಳಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊರಾಂಗಣಕ್ಕೆ ಸಾಮಾನ್ಯವಾಗಿ ಮಾರುವುದು 2.8 ಮಿಲಿಮೀಟರ್ ಲೆನ್ಸ್. ಅದರ ನೋಟ ಅಡ್ಡಕ್ಕೆ ನೂರು ಡಿಗ್ರಿಯ ಆಸುಪಾಸು. 10 ಮೀಟರ್ ದೂರದಲ್ಲಿ ಅದು ಸುಮಾರು 24 ಮೀಟರ್ ಅಗಲದ ಜಾಗವನ್ನು ತುಂಬಿಕೊಳ್ಳುತ್ತದೆ. ನಾಲ್ಕು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಕ್ಕೆ ಇರುವುದು 2560 ಪಿಕ್ಸೆಲ್. ಅವನ್ನು 24 ಮೀಟರಿಗೆ ಹಂಚಿದರೆ ಮೀಟರಿಗೆ ನೂರು ಚಿಲ್ಲರೆ ಮಾತ್ರ. ಅಪರಿಚಿತನ ಗುರುತು ಹಿಡಿಯಲು ಅಂತರರಾಷ್ಟ್ರೀಯ ಮಾನದಂಡ ಹೇಳುವುದು ಮೀಟರಿಗೆ 250 ಪಿಕ್ಸೆಲ್. ಅಂದರೆ ಈ ಕ್ಯಾಮೆರಾ ಮುಖ ತೋರಿಸುವುದು ನಾಲ್ಕು ಮೀಟರಿನೊಳಗೆ ಬಂದವನದು. ಅದರಾಚೆ ಇರುವವನು ಮನುಷ್ಯ ಎಂದಷ್ಟೇ ತಿಳಿಯುತ್ತದೆ, ಯಾರೆಂದು ಹೇಳಲಾಗದು. ಮೊಬೈಲಿನಲ್ಲಿ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಇಲ್ಲದ ಪಿಕ್ಸೆಲ್ ಹುಟ್ಟುವುದಿಲ್ಲ.

ಅದೇ ನಾಲ್ಕು ಮೆಗಾಪಿಕ್ಸೆಲ್‌ಗೆ 6 ಮಿಲಿಮೀಟರ್ ಲೆನ್ಸ್ ಹಾಕಿದರೆ ನೋಟ ಐವತ್ತು ಡಿಗ್ರಿಗೆ ಇಳಿಯುತ್ತದೆ, 10 ಮೀಟರ್ ದೂರದ ಗೇಟಿನಲ್ಲಿ ನಿಂತವನ ಮುಖ ಸಿಗುತ್ತದೆ. ಹಾಗಾಗಿ ಅಂಗಳದಲ್ಲಿ ಏನು ನಡೆಯಿತೆಂದು ತಿಳಿಯಲು ಅಗಲ ನೋಟದ್ದು ಒಂದು, ಜನ ಹಾದುಹೋಗಲೇಬೇಕಾದ ಗೇಟಿಗೋ ಶಟರಿಗೋ ಕಿರಿದಾದ ನೋಟದ್ದು ಇನ್ನೊಂದು ಇರಲಿ. ಎರಡಕ್ಕೆ ಹಣ ಸಾಲದಿದ್ದರೆ ನಾನಂತೂ ಗೇಟಿನದನ್ನೇ ಮೊದಲು ಹಾಕಿಸು ಎನ್ನುತ್ತೇನೆ.

ಎತ್ತರದ ವಿಷಯದಲ್ಲೂ ಎಡವುವುದುಂಟು. ಯಾರ ಕೈಗೂ ಸಿಗಬಾರದೆಂದು ಮಹಡಿಯ ತುದಿಗೆ ಕಟ್ಟಿದ ಕ್ಯಾಮೆರಾಕ್ಕೆ ರುಮಾಲು, ಟೋಪಿ ಕಂಡಾವು, ಮುಖವಲ್ಲ. ಸುಮಾರು ಮೂರು ಮೀಟರ್ ಸಾಕು. ಅಗಲ ನೋಟದ ಕ್ಯಾಮೆರಾವನ್ನು ಛಜ್ಜಾದ ಕೆಳಗೆ ಗೋಡೆಗೆ ಒತ್ತಿ ಕೂರಿಸಿದರೆ ಅದರದೇ ಇನ್‌ಫ್ರಾರೆಡ್ ಬೆಳಕು ಗೋಡೆಗೆ ಬಡಿದು ಹಿಂದಿರುಗಿ, ರಾತ್ರಿಯ ಚಿತ್ರ ಬೆಳ್ಳಗಾಗುತ್ತದೆ. ಜೇಡ ಬಲೆ ಕಟ್ಟಿದರೂ ಇದೇ ಪಾಡು. ಪಡುವಣಕ್ಕೆ ಮುಖಮಾಡಿದ್ದರೆ ಸಂಜೆ ಬಿಸಿಲು ನೇರ ಲೆನ್ಸಿಗೆ ಹೊಡೆಯುತ್ತದೆ. ಬಿಸಿಲು ನೆರಳು ಎರಡನ್ನೂ ತೂಗಿಸುವ ಡಬ್ಲ್ಯೂಡಿಆರ್ ಇದೆಯೇ ಎಂದು ಕೇಳಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಎರೆಮಣ್ಣಿನ ದೂಳು ಹಾರುವ ಈ ಸೀಮೆಗೆ, ದೂಳು ನೀರು ತಡೆಯುವ ಶಕ್ತಿ ಸೂಚಿಸುವ ಐಪಿ ಅಂಕಿ 66ಕ್ಕಿಂತ ಕಡಿಮೆಯದು ಬೇಡ. ಮುಂಗಾರಿಗೆ ಮುನ್ನ ಸಿಡಿಲು ಬಡಿಯುವ ಊರುಗಳಿವು. ಸರ್ಜ್ ರಕ್ಷಣೆ, ಸರಿಯಾದ ಅರ್ಥಿಂಗ್, ಕರೆಂಟು ಹೋದಾಗ ಕೆಲಸ ಮಾಡುವ ಯುಪಿಎಸ್ ಇಲ್ಲದಿದ್ದರೆ ಲೆನ್ಸಿನ ಲೆಕ್ಕಾಚಾರವೆಲ್ಲ ವ್ಯರ್ಥ.

ಮತ್ತೆ ಮನಗೂಳಿಯ ಆ ಪೆಟ್ಟಿಗೆಗೆ ಬರೋಣ. ರೆಕಾರ್ಡರನ್ನು ಗಲ್ಲೆಯ ಪಕ್ಕದಲ್ಲೋ ಟಿವಿಯ ಕೆಳಗೋ ಇಟ್ಟರೆ ಒಳಬಂದವನಿಗೆ ಅದೇ ಮೊದಲು ಕಾಣುತ್ತದೆ. ಅದನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಡಿ. ಗೇಟಿನ ಕ್ಯಾಮೆರಾದ್ದಾದರೂ ಒಂದು ಪ್ರತಿ ಇಂಟರ್ನೆಟ್ ಮೂಲಕ ಹೊರಗೆ ಉಳಿಯಲಿ. ಕೆಲಸ ಬಿಟ್ಟವರಿಗೆ ಗೊತ್ತಿದ್ದ ಪಾಸ್‌ವರ್ಡನ್ನು ಅಂದೇ ಬದಲಿಸಿ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಜನ ಸೇರುವ ಸಂಸ್ಥೆಗಳು 30 ದಿನದ ದೃಶ್ಯ ಉಳಿಸಿಕೊಳ್ಳಬೇಕೆನ್ನುತ್ತದೆ. ಸಣ್ಣ ಅಂಗಡಿಗೂ ಅದೇ ಅಳತೆ ಒಳ್ಳೆಯದು. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ನಾಲ್ಕು ಕ್ಯಾಮೆರಾ ಹಗಲಿರುಳು ದಾಖಲಿಸಿದರೆ ತಿಂಗಳಿಗೆ ಸುಮಾರು 2.6 ಟೆರಾಬೈಟ್ ಬೇಕು. ಒಂದು ಟೆರಾಬೈಟಿನ ಹಾರ್ಡ್‌ಡಿಸ್ಕ್ ಹನ್ನೆರಡು ದಿನ ಮುಗಿಯುವುದರೊಳಗೆ ತುಂಬಿ, ಹಳೆಯದನ್ನು ಅಳಿಸತೊಡಗುತ್ತದೆ.

ಅಗಲ ನೋಟದ ಲೆನ್ಸಿಗೆ ಎದುರುಮನೆಯ ಅಂಗಳ, ಜಳಕದ ಮನೆಯ ಬಾಗಿಲು ಕೂಡ ಸಿಕ್ಕಿಬೀಳುತ್ತವೆ. ಆ ಭಾಗವನ್ನು ಮುಚ್ಚುವ ಪ್ರೈವಸಿ ಮಾಸ್ಕ್ ಸೌಲಭ್ಯ ಬಹುತೇಕ ರೆಕಾರ್ಡರುಗಳಲ್ಲೇ ಇದೆ. ನೆರೆಯವರು ಜಗಳಕ್ಕೆ ಬರುವವರೆಗೆ ಕಾಯದೆ ಮೊದಲ ದಿನವೇ ಅದನ್ನು ಹಾಕಿಸಿ.

ಕ್ಯಾಮೆರಾ ಕೂರಿಸಿದವರಿಗೆ ಪೂರ್ತಿ ಹಣ ಕೊಡುವ ಮುನ್ನ ಒಂದು ರಾತ್ರಿ ಕಾಯಿರಿ. ಹೊರಗಿನ ದೀಪ ಆರಿಸಿ, ಮನೆಯವರೊಬ್ಬರನ್ನು ಗೇಟಿನಲ್ಲಿ ನಿಲ್ಲಿಸಿ, ಅವರ ಪರಿಚಯವಿಲ್ಲದವರಿಗೆ ಆ ದೃಶ್ಯ ತೋರಿಸಿ. ಮರುದಿನ ನಾಲ್ಕು ಜನರ ನಡುವೆ ಅವರನ್ನು ಗುರುತಿಸಿದರೆ ಹಣ ಕೊಡಿ. ಇಲ್ಲದಿದ್ದರೆ ಲೆನ್ಸ್ ಬದಲಿಸಿಕೊಡಲು ಹೇಳಿ.