40 ಎಚ್‌ಪಿ ಸಾಕಾ, 50 ಎಚ್‌ಪಿ ಬೇಕಾ? ಟ್ರೇಲರ್ ಎಳೆಯೋಕೆ ಟ್ರ್ಯಾಕ್ಟರ್ ಕೊಳ್ಳುವ ಮುನ್ನ ಈ ಲೆಕ್ಕ ಹಾಕಿ

ಮಂಡ್ಯ: ಕಬ್ಬು ಕಡಿಯೋ ಹಂಗಾಮು ಹತ್ತಿರ ಬಂತು ಅಂದ್ರೆ ಟ್ರ್ಯಾಕ್ಟರ್ ಶೋರೂಂಗಳಲ್ಲಿ ಕೇಳಿಬರೋ ಪ್ರಶ್ನೆ ಒಂದೇ. ‘ಲೋಡ್ ಎಳೆಯೋಕೆ 40 ಎಚ್‌ಪಿ ಸಾಕಾಗುತ್ತಾ, ಇಲ್ಲಾ 50ಕ್ಕೆ ಹೋಗಬೇಕಾ?’ ಕಬ್ಬು ಸಾಗಿಸೋ ರೈತರಷ್ಟೇ ಅಲ್ಲ, ಇಟ್ಟಿಗೆ, ಎಂ-ಸ್ಯಾಂಡ್, ಸಿಮೆಂಟ್, ಗೊಬ್ಬರ ಸಾಗಿಸೋ ಅಂಗಡಿಯವರೂ ಇದನ್ನೇ ಕೇಳುತ್ತಾರೆ. ಎರಡರ ನಡುವೆ ಬೆಲೆಯಲ್ಲಿ ಲಕ್ಷದ ಲೆಕ್ಕದಲ್ಲೇ ವ್ಯತ್ಯಾಸ ಬರುತ್ತೆ. ಐದಾರು ವರ್ಷ ಕಂತು ಕಟ್ಟಬೇಕಾದ ಮನೆಗೆ ಇದು ಸಣ್ಣ ಮಾತಲ್ಲ.

ಆದರೆ ಈ ಪ್ರಶ್ನೆ ಕೇಳುವವರಲ್ಲಿ ಬಹುತೇಕರು ಇನ್ನೊಂದು ಪ್ರಶ್ನೆ ಕೇಳೋದೇ ಇಲ್ಲ. ತುಂಬಿದ ಟ್ರೇಲರ್ ಇಳಿಜಾರಿನಲ್ಲಿ ಹಿಂದಿನಿಂದ ತಳ್ಳಿದಾಗ ಈ ಗಾಡಿ ನಿಲ್ಲುತ್ತಾ? ಟ್ರೇಲರ್ ಕೆಲಸಕ್ಕೆ ಟ್ರ್ಯಾಕ್ಟರ್ ಆರಿಸುವಾಗ ಮೊದಲು ಕೇಳಬೇಕಾದ್ದು ಇದು.

ಮೊದಲು ತೂಕ ಗೊತ್ತಿರಲಿ

‘ಒಂದು ಲೋಡ್’ ಅನ್ನೋ ಮಾತಿಗೆ ಲೆಕ್ಕದಲ್ಲಿ ಬೆಲೆ ಇಲ್ಲ. ತೂಕ ಟನ್‌ನಲ್ಲಿ ಗೊತ್ತಿರಬೇಕು. ಸಿಮೆಂಟ್ ಮೂಟೆ ಒಂದಕ್ಕೆ 50 ಕೆ.ಜಿ., ಅಂದರೆ 100 ಮೂಟೆಗೆ 5 ಟನ್. ಸಾಮಾನ್ಯ ಇಟ್ಟಿಗೆ ಒಂದಕ್ಕೆ ಸುಮಾರು 3 ಕೆ.ಜಿ. ಹಿಡಿದರೂ 2,000 ಇಟ್ಟಿಗೆಗೆ 6 ಟನ್ ಆಯ್ತು. ಎಂ-ಸ್ಯಾಂಡ್ ಒಂದು ಯೂನಿಟ್, ಅಂದರೆ 100 ಘನ ಅಡಿ, ಸುಮಾರು ನಾಲ್ಕೂವರೆ ಟನ್ ತೂಗುತ್ತೆ. ಒದ್ದೆ ಇದ್ದರೆ ಇನ್ನೂ ಹೆಚ್ಚು.

ಇದರ ಮೇಲೆ ಖಾಲಿ ಟ್ರೇಲರ್‌ನ ತೂಕ ಬೇರೆ. ಅಳತೆ, ತಗಡಿನ ದಪ್ಪ ನೋಡಿಕೊಂಡು ಅದೂ ಒಂದೂವರೆ, ಎರಡು ಟನ್ ಆಗುತ್ತೆ. 40 ಎಚ್‌ಪಿ ಆಸುಪಾಸಿನ ಟ್ರ್ಯಾಕ್ಟರ್ ಸುಮಾರು 1.8ರಿಂದ 1.9 ಟನ್ ತೂಗಿದರೆ, 50 ಎಚ್‌ಪಿಯದ್ದು 2 ಟನ್ ದಾಟುತ್ತೆ. ಅಂದರೆ 6 ಟನ್ ಮಾಲು ಹೇರಿದರೆ ರಸ್ತೆಯಲ್ಲಿ ಓಡೋದು ಒಟ್ಟು 10 ಟನ್. ಟ್ರ್ಯಾಕ್ಟರ್ ಅದರಲ್ಲಿ ಐದನೇ ಒಂದು ಭಾಗ ಮಾತ್ರ.

ಎಚ್‌ಪಿ ಎಲ್ಲಿ ಕೆಲಸಕ್ಕೆ ಬರುತ್ತೆ?

ಈ 10 ಟನ್ ಅನ್ನು ಸಮತಟ್ಟಾದ ಟಾರ್ ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಎಳೆಯಲು ಚಕ್ರಕ್ಕೆ ಬೇಕಾಗೋ ಶಕ್ತಿ ಸುಮಾರು 18ರಿಂದ 20 ಎಚ್‌ಪಿ ಅಷ್ಟೆ. ಹಾಗಾಗಿ ಬಯಲು ರಸ್ತೆಯಲ್ಲಿ 40 ಎಚ್‌ಪಿ ಗಾಡಿಯೂ 50 ಎಚ್‌ಪಿ ಗಾಡಿಯೂ ಹೆಚ್ಚುಕಡಿಮೆ ಒಂದೇ ಥರ ಓಡುತ್ತವೆ. ಹತ್ತು ಎಚ್‌ಪಿ ಹೆಚ್ಚಿಗೆ ಕೊಟ್ಟಿದ್ದಕ್ಕೆ ಅಲ್ಲಿ ಲಾಭ ಕಾಣಲ್ಲ.

ವ್ಯತ್ಯಾಸ ಗೊತ್ತಾಗೋದು ಏರಿನಲ್ಲಿ. 20 ಅಡಿಗೆ 1 ಅಡಿ ಏರುವ ರಸ್ತೆ ಅಂದುಕೊಳ್ಳಿ. ಅದೇ 10 ಟನ್ ಅನ್ನು ಅಲ್ಲಿ 15 ಕಿ.ಮೀ. ವೇಗದಲ್ಲಿ ಎಳೆಯಲು ಚಕ್ರಕ್ಕೆ ಸುಮಾರು 38 ಎಚ್‌ಪಿ ಬೇಕು. ಎಂಜಿನ್‌ನಲ್ಲಿ ಹುಟ್ಟಿದ ಶಕ್ತಿಯೆಲ್ಲಾ ಚಕ್ರಕ್ಕೆ ಬರಲ್ಲ, ಗೇರ್‌ಬಾಕ್ಸ್‌ನಲ್ಲೂ ಟೈರ್‌ನಲ್ಲೂ ಒಂದಿಷ್ಟು ಹೋಗುತ್ತೆ. ಹೀಗಾಗಿ 40 ಎಚ್‌ಪಿ ಗಾಡಿ ಆ ಏರನ್ನು 12–13 ಕಿ.ಮೀ. ವೇಗದಲ್ಲಿ ಹತ್ತಿದರೆ, 50 ಎಚ್‌ಪಿಯದ್ದು 16ರ ಹತ್ತಿರ ಹತ್ತುತ್ತೆ. ಚಿಕ್ಕದು ಹತ್ತಲ್ಲ ಅಂತಲ್ಲ, ಒಂದು ಗೇರ್ ಇಳಿಸಿ ನಿಧಾನಕ್ಕೆ ಹತ್ತುತ್ತೆ. ದಿನಕ್ಕೊಂದು ಟ್ರಿಪ್ ಹೊಡೆಯುವವರಿಗೆ ಇದರಿಂದ ನಷ್ಟವೇನಿಲ್ಲ. ಮೇಲುಕೋಟೆ ಕಡೆಯ ಏರು ರಸ್ತೆಗಳಲ್ಲಿ ದಿನಕ್ಕೆ ನಾಲ್ಕೈದು ಟ್ರಿಪ್ ಹೊಡೆಯೋರಿಗೆ ಮಾತ್ರ ಸಮಯ ಉಳಿಯುತ್ತೆ, ಎಂಜಿನ್ ಮೇಲಿನ ಒತ್ತಡವೂ ಕಡಿಮೆಯಾಗುತ್ತೆ.

ಇನ್ನು ಕೆಸರಿನ ಗದ್ದೆಯಿಂದ ಕಬ್ಬು ಹೊರಗೆ ತೆಗೆಯೋ ವಿಷಯ. ಅಲ್ಲಿ ಎಂಜಿನ್‌ಗೆ ದಮ್ ಇದ್ದರೂ ಹಿಂದಿನ ಚಕ್ರ ನಿಂತಲ್ಲೇ ತಿರುಗಿ ಹೂತುಹೋಗುತ್ತೆ. ಅಲ್ಲಿ ಎಚ್‌ಪಿಗಿಂತ ಗಾಡಿಯ ತೂಕ, ಟೈರ್‌ನ ಅಗಲ, ಗುಂಡಿಗಳ ಆಳ ಮುಖ್ಯ. ಸವೆದ ಟೈರ್‌ನ 50 ಎಚ್‌ಪಿಗಿಂತ ಹೊಸ ಟೈರ್‌ನ 40 ಎಚ್‌ಪಿ ಮೇಲು. ಅರ್ಧ ಲೋಡ್ ಗದ್ದೆಯಲ್ಲಿ ಹೇರಿ, ಉಳಿದರ್ಧ ರಸ್ತೆ ಬದಿಗೆ ಬಂದ ಮೇಲೆ ಹೇರೋದು ಹಳೇ ಪದ್ಧತಿ. ಇವತ್ತಿಗೂ ಅದಕ್ಕಿಂತ ಅಗ್ಗದ ದಾರಿ ಇಲ್ಲ.

ಎಳೆಯೋದು ಸುಲಭ, ನಿಲ್ಲಿಸೋದು ಕಷ್ಟ

ನಮ್ಮ ಕಡೆ ಓಡಾಡೋ ಬಹುತೇಕ ಟ್ರೇಲರ್‌ಗಳಿಗೆ ಬ್ರೇಕೇ ಇಲ್ಲ. 8 ಟನ್ ಟ್ರೇಲರನ್ನೂ ನಿಲ್ಲಿಸಬೇಕಾದ್ದು 2 ಟನ್ ಟ್ರ್ಯಾಕ್ಟರ್‌ನ ಎರಡು ಹಿಂದಿನ ಚಕ್ರ.

ಸರಳವಾಗಿ ಲೆಕ್ಕ ಹಾಕಿ ನೋಡಬಹುದು. 25 ಕಿ.ಮೀ. ವೇಗದಲ್ಲಿರೋ ಖಾಲಿ ಟ್ರ್ಯಾಕ್ಟರ್ ಬ್ರೇಕ್ ಒತ್ತಿದ ಮೇಲೆ 6 ಮೀಟರ್‌ನಲ್ಲಿ ನಿಲ್ಲುತ್ತೆ ಅಂತ ಇಟ್ಟುಕೊಳ್ಳಿ. ಅದೇ ಬ್ರೇಕು ಐದು ಪಟ್ಟು ತೂಕವನ್ನು ಹಿಡಿಯಬೇಕಾದಾಗ ನಿಲ್ಲೋಕೆ ಐದು ಪಟ್ಟು ದೂರ, ಅಂದರೆ ಸುಮಾರು 30 ಮೀಟರ್ ಬೇಕು. ಡ್ರೈವರ್ ಕಣ್ಣಿಗೆ ಅಡ್ಡ ಬಂದದ್ದು ಬಿದ್ದು, ಕಾಲು ಬ್ರೇಕ್ ಮೇಲೆ ಹೋಗೋ ಒಂದು ಸೆಕೆಂಡಿನಲ್ಲಿ ಇನ್ನೂ 7 ಮೀಟರ್ ಸಾಗಿರುತ್ತೆ. 20 ಅಡಿಗೆ 1 ಅಡಿ ಇಳಿಜಾರಿದ್ದರೆ ಈ ದೂರ ದುಪ್ಪಟ್ಟನ್ನೂ ದಾಟಬಹುದು. ಶಾಲೆ ಬಿಡೋ ಹೊತ್ತಿನಲ್ಲಿ, ಸಂತೆ ದಿನ, ಊರ ಮುಂದಿನ ತಿರುವಿನಲ್ಲಿ ಅಷ್ಟು ಜಾಗ ಎಲ್ಲಿರುತ್ತೆ?

ಇಲ್ಲಿ 50 ಎಚ್‌ಪಿ ಗಾಡಿ ಎಷ್ಟು ಸಹಾಯ ಮಾಡುತ್ತೆ? ಸ್ವಲ್ಪ ಮಾತ್ರ. ಅದರ ತೂಕ ಎರಡು ಮೂರು ಕ್ವಿಂಟಲ್ ಹೆಚ್ಚಿರೋದರಿಂದ ರಸ್ತೆ ಹಿಡಿತ ಒಂಚೂರು ಜಾಸ್ತಿ. ಆದರೆ ಆ ಧೈರ್ಯದ ಮೇಲೆ ಒಂದೂವರೆ ಟನ್ ಮಾಲು ಜಾಸ್ತಿ ಹೇರಿದರೆ ಬಂದ ಲಾಭ ಅಲ್ಲೇ ಮುಗಿದುಹೋಯ್ತು. ದೊಡ್ಡ ಟ್ರ್ಯಾಕ್ಟರ್ ಕೊಂಡವರು ಎರಡು ಟ್ರೇಲರ್ ಸಿಕ್ಕಿಸಿಕೊಂಡು ಹೊರಟಾಗ ಆಗೋದು ಇದೇ. ಏರಿನಲ್ಲಿ ಎಂಜಿನ್ ಎಳೆದುಬಿಡುತ್ತೆ, ಇಳಿಜಾರಿನಲ್ಲಿ ಹಿಂದಿನ ಭಾರ ಟ್ರ್ಯಾಕ್ಟರನ್ನೇ ಅಡ್ಡಕ್ಕೆ ತಿರುಗಿಸಿ ತಳ್ಳುತ್ತೆ. ವಿ.ಸಿ. ನಾಲೆಯ ಏರಿ ರಸ್ತೆಯಂಥ ಕಡೆ ಅಡ್ಡ ತಿರುಗಿದರೆ ಮುಂದೇನು ಅನ್ನೋದನ್ನು ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಹತ್ತು ಎಚ್‌ಪಿಗೆ ಕೊಡೋ ಹೆಚ್ಚಿನ ದುಡ್ಡಿನಲ್ಲಿ ಒಂದು ಪಾಲನ್ನು ಟ್ರೇಲರ್‌ಗೆ ಬ್ರೇಕ್ ಹಾಕಿಸೋಕೆ ಇಟ್ಟರೆ ಹೆಚ್ಚು ಉಪಯೋಗ. ಹೊಸ ಟ್ರೇಲರ್ ಮಾಡಿಸುವಾಗಲೇ ಬ್ರೇಕ್ ಇರುವ ಆಕ್ಸಲ್ ಕೇಳಬಹುದು. ಟ್ರ್ಯಾಕ್ಟರ್‌ನಲ್ಲಿ ಒಣ ಡಿಸ್ಕ್ ಬ್ರೇಕ್‌ಗಿಂತ ಆಯಿಲ್ ಬ್ರೇಕ್ ಇರೋ ಮಾಡೆಲ್ ಮೇಲು. ಕೆಸರು ನೀರು ಒಳಗೆ ಹೋಗಲ್ಲ, ಬೇಗ ಸವೆಯಲ್ಲ.

ಮುಂದಿನ ಚಕ್ರ ಮೇಲೆದ್ದರೆ

ಕಬ್ಬಿನ ಟ್ರ್ಯಾಕ್ಟರ್ ಮುಂದಿನ ಎರಡು ಚಕ್ರ ಎತ್ತಿಕೊಂಡು ಹೋಗೋ ವಿಡಿಯೋ ಮೊಬೈಲ್‌ನಲ್ಲಿ ನೋಡಿ ನಗುವವರಿದ್ದಾರೆ. ಚಕ್ರ ನೆಲ ಬಿಟ್ಟ ಕ್ಷಣದಿಂದ ಸ್ಟೇರಿಂಗ್ ಯಾವ ಕೆಲಸಕ್ಕೂ ಬರಲ್ಲ. ಇನ್ನೊಂಚೂರು ಎದ್ದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಡ್ರೈವರ್ ಕೆಳಗೆ ಸಿಕ್ಕಿಕೊಳ್ಳುತ್ತಾನೆ.

ಇದಕ್ಕೆ ಕಾರಣ ಎರಡು. ಒಂದು, ಟ್ರೇಲರ್ ಕೊಂಡಿಯನ್ನು ಬೇಕಾದ್ದಕ್ಕಿಂತ ಎತ್ತರಕ್ಕೆ ಸಿಕ್ಕಿಸಿರೋದು. ಎಳೆಯುವ ಜಾಗ ಹಿಂದಿನ ಆಕ್ಸಲ್‌ಗಿಂತ ಕೆಳಗಿರಲೇಬೇಕು. ಎರಡು, ಎರಡು ಚಕ್ರದ ಟ್ರೇಲರ್‌ನಲ್ಲಿ ಮಾಲನ್ನೆಲ್ಲಾ ಮುಂದಕ್ಕೆ ಹೇರಿ ಕೊಂಡಿಯ ಮೇಲೆ ಭಾರ ಕೂರಿಸೋದು. ಕೊಂಡಿ ಮೇಲೆ ಸ್ವಲ್ಪ ಭಾರ ಬೇಕು, ಹಿಂದಿನ ಚಕ್ರಕ್ಕೆ ಹಿಡಿತ ಬರುತ್ತೆ. ಜಾಸ್ತಿ ಆದರೆ ಮುಂಭಾಗ ಹಗುರಾಗುತ್ತೆ. ಮುಂದೆ ಕಬ್ಬಿಣದ ತೂಕದ ಬಿಲ್ಲೆ ಹಾಕಿಸಿದರೆ ಸಹಾಯವಾಗುತ್ತೆ. ಬಂಪರ್ ಮೇಲೆ ಆಳು ಕೂರಿಸೋದು ಅದಕ್ಕೆ ಬದಲಿ ಅಲ್ಲ, ಅದು ಪ್ರಾಣದ ಜೊತೆ ಆಟ.

ಯಾರಿಗೆ ಯಾವುದು?

ಮೂರ್ನಾಲ್ಕು ಎಕರೆ ಜಮೀನು, ಸ್ವಂತ ಕಬ್ಬು, ಭತ್ತ, ಹುಲ್ಲು, ಗೊಬ್ಬರ ಸಾಗಿಸೋ ಮನೆಗೆ 40 ಎಚ್‌ಪಿ ಆಸುಪಾಸಿನ ಗಾಡಿ ಧಾರಾಳ ಸಾಕು. ಮಹೀಂದ್ರಾ 275, ಸ್ವರಾಜ್ 735, ಮ್ಯಾಸಿ 241 ಈ ಸಾಲಿನವು. ಹತ್ತಿರದ ಆಲೆಮನೆಗೋ ಕಾರ್ಖಾನೆಗೋ ಒಂದು ಟ್ರೇಲರ್ ಎಳೆಯಲು ಇವಕ್ಕೆ ತೊಂದರೆ ಇಲ್ಲ. ಡೀಸೆಲ್ ಖರ್ಚೂ ಹಿಡಿತದಲ್ಲಿರುತ್ತೆ.

ದೊಡ್ಡ ರೋಟವೇಟರ್, ಬಾಡಿಗೆ ಉಳುಮೆ, ಜೊತೆಗೆ ಹಂಗಾಮಿನುದ್ದಕ್ಕೂ ಏರು ರಸ್ತೆಯಲ್ಲಿ ಟ್ರಿಪ್ ಇದ್ದರೆ 50 ಎಚ್‌ಪಿ ಸಾಲಿನ ಜಾನ್ ಡೀರ್ 5050, ನ್ಯೂ ಹಾಲೆಂಡ್ 3630 ಥರದವು ಕೊಂಡರೆ ಅರ್ಥವಿದೆ. ಒಂದು ವಿಷಯ ಗಮನದಲ್ಲಿರಲಿ. 2023ರ ಜನವರಿ 1ರಿಂದ 50 ಎಚ್‌ಪಿ ದಾಟಿದ ಟ್ರ್ಯಾಕ್ಟರ್‌ಗಳಿಗೆ ಹೊಸ ಹೊಗೆ ನಿಯಮ ಬಂದಿದೆ. ಗೆರೆ ದಾಟಿದ ಮಾಡೆಲ್‌ಗಳಲ್ಲಿ ಎಲೆಕ್ಟ್ರಾನಿಕ್ ಇಂಜೆಕ್ಷನ್ ಇರೋದರಿಂದ ಬೆಲೆಯೂ ಹೆಚ್ಚು, ಊರಿನ ಮೆಕ್ಯಾನಿಕ್ ಕೈಲಿ ಎಲ್ಲಾ ರಿಪೇರಿ ಆಗಲ್ಲ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಳೇ ಬೆಲೆಪಟ್ಟಿ ತೋರಿಸಿದರೆ ಕೇಳಿ.

ಸಿಮೆಂಟ್, ಕಬ್ಬಿಣ, ಹಾರ್ಡ್‌ವೇರ್ ಅಂಗಡಿಯವರು ಮಾತ್ರ ಒಮ್ಮೆ ಯೋಚನೆ ಮಾಡಬೇಕು. ಸಲಕ್ಕೆ 20–30 ಮೂಟೆ ಕಳಿಸೋದಾದರೆ ಅದು ಒಂದರಿಂದ ಒಂದೂವರೆ ಟನ್. ಅದಕ್ಕೆ ನಾಲ್ಕು ಚಕ್ರಕ್ಕೂ ಬ್ರೇಕ್ ಇರೋ ಪಿಕಪ್ ಗಾಡಿ ಸಾಕು, ಬೇಗನೂ ಹೋಗಿಬರುತ್ತೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರ್‌ಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ ಅನ್ನೋದೂ ಲೆಕ್ಕಕ್ಕೆ ಬರಲಿ. ವಾರಕ್ಕೊಮ್ಮೆ 5 ಟನ್ ಲೋಡ್ ಇದ್ದರೆ ಬಾಡಿಗೆ ಗಾಡಿ ಕರೆಸೋದು ಅಗ್ಗ.

ಕಾಗದಪತ್ರ ಸರಿ ಇರಲಿ

ನಿಯಮದ ಪ್ರಕಾರ ಕೃಷಿ ಟ್ರ್ಯಾಕ್ಟರ್ ಸಾರಿಗೆ ವಾಹನ ಅಲ್ಲ, ಅದರ ಟ್ರೇಲರ್ ಇರೋದು ಕೃಷಿ ಸಾಮಗ್ರಿ ಸಾಗಿಸೋಕೆ. ಅದರಲ್ಲಿ ಬಾಡಿಗೆಗೆ ಇಟ್ಟಿಗೆ, ಮರಳು ಹೇರಿದಾಗ ಅಪಘಾತವಾದರೆ ವಿಮೆ ಕಂಪನಿ ಮೊದಲು ಎತ್ತೋ ತಕರಾರು ಇದೇ. ವ್ಯಾಪಾರಕ್ಕೆ ಅಂತಲೇ ಕೊಳ್ಳೋದಾದರೆ ಹಾಗೇ ನೋಂದಣಿ ಮಾಡಿಸಿ.

ಟ್ರೇಲರ್‌ಗೂ ಪ್ರತ್ಯೇಕ ನೋಂದಣಿ ಬೇಕು. ಅದರ ನಂಬರ್ ಪಕ್ಕದಲ್ಲಿ ಕಾಣಬೇಕು, ಎಳೆಯೋ ಟ್ರ್ಯಾಕ್ಟರ್‌ನ ನಂಬರ್ ಹಿಂದೆ ಇರಬೇಕು. ವಿಮೆ ಪಾಲಿಸಿಯಲ್ಲಿ ಟ್ರೇಲರ್ ಕೂಡ ಸೇರಿದೆಯಾ ಅಂತ ಕಣ್ಣಾರೆ ನೋಡಿ. ‘ಎಲ್ಲಾ ಸೇರಿದೆ’ ಅನ್ನೋ ಬಾಯಿಮಾತು ನಾಳೆ ಕೋರ್ಟಿನಲ್ಲಿ ನಿಲ್ಲಲ್ಲ. ಮಡ್‌ಗಾರ್ಡ್ ಮೇಲೆ, ಲೋಡ್ ಮೇಲೆ ಕೂತವರಿಗೆ ಏನಾದರೂ ಆದರೆ ಪರಿಹಾರ ಮಾಲೀಕನ ತಲೆ ಮೇಲೆ ಬೀಳಬಹುದು. ಮಿತಿಮೀರಿ ಲೋಡ್ ಹೇರಿದರೆ 2019ರ ತಿದ್ದುಪಡಿ ಕಾಯ್ದೆಯಲ್ಲಿ 20 ಸಾವಿರ ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್‌ಗೆ 2 ಸಾವಿರ.

ಕೀಲಿ ತೆಗೆದುಕೊಳ್ಳುವ ಮುನ್ನ

* ನೀವು ನಿಜವಾಗಿ ಹೇರೋ ಲೋಡನ್ನು ಒಮ್ಮೆ ವೇಬ್ರಿಡ್ಜ್‌ಗೆ ಒಯ್ದು ತೂಗಿಸಿ. ಅಂದಾಜು ಬಹಳ ಸಲ ಕಡಿಮೆಯೇ ಇರುತ್ತೆ.
* ಡೆಮೊ ಗಾಡಿಯನ್ನು ಖಾಲಿ ಓಡಿಸಿ ಒಪ್ಪಿಕೊಳ್ಳಬೇಡಿ. ಲೋಡ್ ಇರುವ ಟ್ರೇಲರ್ ಸಿಕ್ಕಿಸಿ, ಜನ ಓಡಾಡದ ಜಾಗದಲ್ಲಿ ನಿಧಾನ ವೇಗದಲ್ಲಿ ಬ್ರೇಕ್ ಹಿಡಿದು ನೋಡಿ.
* ರಸ್ತೆಗೆ ಬಂದಾಗ ಎರಡೂ ಬ್ರೇಕ್ ಪೆಡಲ್ ಸೇರಿಸೋ ಕೊಂಡಿ ಹಾಕಿರಬೇಕು. ವೇಗದಲ್ಲಿ ಒಂದೇ ಕಡೆ ಬ್ರೇಕ್ ಹಿಡಿದರೆ ಗಾಡಿ ಮಗುಚುತ್ತೆ.
* ಏರು ಹತ್ತಿದ ಗೇರ್‌ನಲ್ಲೇ ಇಳಿಜಾರು ಇಳಿಯಿರಿ. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಲೇಬೇಡಿ.
* ಟ್ರೇಲರ್ ಹಿಂದೆ, ಪಕ್ಕದಲ್ಲಿ ರಿಫ್ಲೆಕ್ಟರ್ ಪಟ್ಟಿ, ಹಿಂದಿನ ಲೈಟ್ ಇರಲಿ. ಸೌಂಡ್ ಸಿಸ್ಟಮ್‌ಗೆ ಖರ್ಚು ಮಾಡೋ ಮುಂಚೆ ಇದಕ್ಕೆ ಮಾಡಿ. ಕತ್ತಲಲ್ಲಿ ನಿಂತ ಕಬ್ಬಿನ ಟ್ರೇಲರ್‌ಗೆ ಹಿಂದಿನಿಂದ ಬೈಕ್ ಗುದ್ದಿದರೆ ಸಾಯೋನು ನಮ್ಮೂರಿನ ಹುಡುಗನೇ.

ಏರು ರಸ್ತೆಯ ದುಡಿಮೆ ಇದ್ದವರು 50 ಎಚ್‌ಪಿ ಕೊಳ್ಳಲಿ, ಇಲ್ಲದವರು 40ರಲ್ಲೇ ನೆಮ್ಮದಿಯಾಗಿರಲಿ. ಯಾವುದೇ ಕೊಂಡರೂ ಲೋಡ್ ಎಷ್ಟಿರಬೇಕು ಅನ್ನೋದನ್ನು ಎಂಜಿನ್ ನೋಡಿ ತೀರ್ಮಾನಿಸಬೇಡಿ, ಬ್ರೇಕ್ ನೋಡಿ ತೀರ್ಮಾನಿಸಿ.